ಬಂಡವಾಳ: ಒಂದು ಶಬ್ದದ ಪೂರ್ವೇತಿಹಾಸ

ವ್ಯಾಪಾರಕ್ಕೆ ಕೈಹಾಕುವವನು ಮೊತ್ತಮೊದಲು ಹೊಂದಿಸಿಕೊಳ್ಳಬೇಕಾದ ಹಣಕ್ಕೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ಸಂಸ್ಕೃತದಿಂದ ಬಂದ ಮೂಲಧನ, ಅರಬ್ಬಿಯಿಂದ ಬಂದ ಅಸಲು, ಅಚ್ಚಗನ್ನಡದ ಮೊದಲು, ಇವು ಮೂರೂ ಬುಡ ಅಥವಾ ಬೇರು ಎಂಬ ಭಾವವನ್ನೇ ಒಳಗೊಂಡಿವೆ. ಇವೆಲ್ಲಕ್ಕಿಂತ ಬಳಕೆಯಲ್ಲಿ ಹೆಚ್ಚಾಗಿರುವ ಬಂಡವಾಳ ಎಂಬ ಮಾತಿನ ದಾರಿ ಮಾತ್ರ ಬೇರೆ. ಅದರ ಪೂರ್ವಪದವು ಭಾಂಡ, ಎಂದರೆ ವರ್ತಕನ ಸರಕು. ಮರಾಠಿಯ ಭಾಂಡವಲ ಇದರ ಒಡಹುಟ್ಟು. ಉತ್ತರಪದವು ಸಂಸ್ಕೃತದ ಮೂಲ್ಯ, ಪ್ರಾಕೃತದ ಮುಲ್ಲ ಎಂದು ಗ್ರಹಿಸಿದರೆ ಭಾಂಡಮೂಲ್ಯವೆಂಬ ಹಳೆಯ ಸಮಾಸವು ಕಣ್ಣಿಗೆ ಬೀಳುತ್ತದೆ. ಸರಕು ಕೊಳ್ಳಲು ಬೇಕಾದ ಹಣವೆಂಬುದೇ ಅದರ ಅರ್ಥ.

ಈ ಸಮಾಸದ ಸೊಗಸಾದ ಪ್ರಯೋಗವು 11ನೆಯ ಶತಮಾನದ ಕಾಶ್ಮೀರದ ಸೋಮದೇವನ ಕಥಾಸರಿತ್ಸಾಗರದಲ್ಲಿದೆ. ಅದರ ಮೊದಲ ಲಂಬಕದಲ್ಲಿ ವರ್ತಕನೊಬ್ಬನು ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಅವನು ಹುಟ್ಟುವ ಮೊದಲೇ ತಂದೆ ತೀರಿಕೊಂಡನು. ದಾಯಾದಿಗಳು ಆಸ್ತಿಯನ್ನೆಲ್ಲ ಕಸಿದರು. ತಾಯಿ ಕಷ್ಟಪಟ್ಟು ದುಡಿದು ಮಗನಿಗೆ ಬರಹ, ಲೆಕ್ಕ ಕಲಿಸಿದಳು. ಬಳಿಕ, ವಿಶಾಖಿಲನೆಂಬ ಶ್ರೀಮಂತ ವರ್ತಕನು ಕುಲೀನರಾದ ಬಡವರಿಗೆ ಭಾಂಡಮೂಲ್ಯ ಕೊಡುತ್ತಾನೆ, ಹೋಗಿ ಕೇಳು ಎಂದಳು.

ಹುಡುಗನು ಹೋದಾಗ ವಿಶಾಖಿಲನು ಬೇರೊಬ್ಬ ವರ್ತಕಪುತ್ರನನ್ನು ಬೈಯುತ್ತಿದ್ದನು. ನೆಲದ ಮೇಲೆ ಬಿದ್ದಿರುವ ಆ ಸತ್ತ ಇಲಿಯಿಂದಲೂ ಜಾಣನಾದವನು ಹಣ ಗಳಿಸಿಯಾನು. ನೀನೋ ಕೊಟ್ಟ ದೀನಾರಗಳನ್ನೂ ಉಳಿಸಿಕೊಳ್ಳಲಿಲ್ಲ ಎಂಬುದು ಬೈಗುಳದ ಸಾರ. ಹುಡುಗನು ಆ ಇಲಿಯನ್ನೇ ಭಾಂಡಮೂಲ್ಯವಾಗಿ ತೆಗೆದುಕೊಳ್ಳುತ್ತೇನೆಂದು ಹೇಳಿ, ಪಡೆದುದಕ್ಕೆ ಲಿಖಿತವನ್ನೂ ಬರೆದುಕೊಟ್ಟನು. ವಿಶಾಖಿಲನು ನಕ್ಕನು. ಇಲಿಯು ಒಬ್ಬ ವರ್ತಕನ ಬೆಕ್ಕಿಗೆ ಆಹಾರವಾಯಿತು. ಎರಡು ಬೊಗಸೆ ಕಡಲೆ ದೊರೆಯಿತು. ಹುಡುಗನು ಕಡಲೆಯನ್ನು ಹದಮಾಡಿ, ಒಂದು ಕೊಡ ನೀರಿನೊಡನೆ ಊರ ಹೊರಗಿನ ಕೂಡುದಾರಿಯ ನೆರಳಿನಲ್ಲಿ ಕುಳಿತು, ದಣಿದು ಬಂದ ಸೌದೆಯವರಿಗೆ ಕೊಟ್ಟನು. ಅವರು ತಲೆಗೆ ಎರಡೆರಡು ಕಟ್ಟಿಗೆ ಕೊಟ್ಟರು. ಅದನ್ನು ಮಾರಿ ಮತ್ತೆ ಕಡಲೆ ಕೊಂಡನು. ಹೀಗೆಯೇ ಹಣ ಕೂಡಿಸಿ, ಮೂರು ದಿನ ಬಂದ ಸೌದೆಯನ್ನೆಲ್ಲ ತಾನೇ ಕೊಂಡಿಟ್ಟನು. ಮಳೆ ಹಿಡಿದು ಸೌದೆಗೆ ಅಭಾವ ಬಂದಾಗ ನೂರಾರು ಪಣಗಳಿಗೆ ಮಾರಿದನು. ಕೊನೆಗೆ ಚಿನ್ನದ ಇಲಿಯೊಂದನ್ನು ಮಾಡಿಸಿ ವಿಶಾಖಿಲನಿಗೆ ಒಪ್ಪಿಸಿದನು. ಅವನು ಮಗಳನ್ನೇ ಕೊಟ್ಟನು. ಮೂಷಕನೆಂಬ ಹೆಸರು ಇವನಿಗೆ ಹೀಗೆ ಬಂದಿತು.

ಇದೇ ಕಥೆ ಪಾಲಿಯ ಚುಲ್ಲಕಸೆಟ್ಠಿ ಜಾತಕದಲ್ಲಿಯೂ ಇದೆ. ಅಲ್ಲಿಯ ಯುವಕನು ಸೆಟ್ಟಿಯ ಮಾತನ್ನು ದಾರಿಯಲ್ಲಿ ಕೇಳಿಸಿಕೊಂಡು ಸತ್ತ ಇಲಿಯನ್ನು ಎತ್ತಿಕೊಳ್ಳುತ್ತಾನೆ. ಸಾಲವೂ ಇಲ್ಲ, ಲಿಖಿತವೂ ಇಲ್ಲ. ಬಂಡವಾಳಕ್ಕೆ ಅಲ್ಲಿ ಬಳಸಿದ ಶಬ್ದ ಪಾಭತ. ಇದು ಸಂಸ್ಕೃತದ ಪ್ರಾಭೃತ, ಹಳಗನ್ನಡದ ಪಾಗುಡ. ಕಾಣಿಕೆ ಎಂಬುದು ಇದರ ಮೊದಲ ಅರ್ಥ. ಸಾಹಿತ್ಯದ ವಿದ್ಯಾರ್ಥಿಗಳು ಈ ಭೇದವನ್ನು ಗಮನಿಸತಕ್ಕದ್ದು. ಕಾಣಿಕೆಯಾಗಿದ್ದುದು ಸೋಮದೇವನಲ್ಲಿ ಲೆಕ್ಕಕ್ಕೆ ಸೇರಿದ ಸಾಲವಾಗಿದೆ. ಕಾಸಿಗೂ ಬಾಳದ ಇಲಿಯನ್ನು ಭಾಂಡಮೂಲ್ಯವಾಗಿಸಿದುದು ಅದರ ಬೆಲೆಯಲ್ಲ, ಹುಡುಗನು ಬರೆದುಕೊಟ್ಟ ಆ ಲಿಖಿತ. ನಕ್ಕ ವಿಶಾಖಿಲನಿಗೆ ಇದು ಹೊಳೆದಿರಲಾರದು.

ಆದರೆ ತಾಯಿಯ ಮಾತಿನಲ್ಲಿ ಬಂದ ಕುಲೀನ ಎಂಬ ವಿಶೇಷಣವನ್ನು ಮರೆಯುವಂತಿಲ್ಲ. ಜಾತಕವೂ ತನ್ನ ನಾಯಕನನ್ನು ದುರ್ಗತಿಗಿಳಿದ ಕುಲಪುತ್ರನೆಂದೇ ಪರಿಚಯಿಸುತ್ತದೆ. ಸಾಲಕ್ಕೂ ಕುಲದ ಹೊಸ್ತಿಲಿದ್ದಿತು. ಬಿಸಿಲಿನಲ್ಲಿ ಸೌದೆ ಹೊತ್ತು ತಂದವರಿಗೆ ಭಾಂಡಮೂಲ್ಯ ಕೊಡುವವರಿದ್ದರೇ ಎಂಬ ಪ್ರಶ್ನೆಯನ್ನು ಎರಡು ಕಥೆಗಳೂ ಎತ್ತುವುದಿಲ್ಲ.

ಕುಶಲಕರ್ಮಿಗಳ ಕೈಗೆ ದೊಡ್ಡ ಹಣ ಬಂದುದಕ್ಕೆ ಶಾಸನದ ಸಾಕ್ಷ್ಯವುಂಟು. ನಾಸಿಕದ ಗುಹೆಯೊಂದರಲ್ಲಿ, ಕ್ಷತ್ರಪ ನಹಪಾನನ ಅಳಿಯ ಉಷವದಾತನು 3000 ಕಾರ್ಷಾಪಣಗಳನ್ನು ಅಕ್ಷಯನೀವಿಯಾಗಿ ಕೊಟ್ಟ ವಿವರವಿದೆ. ಅದರಲ್ಲಿ 2000ವನ್ನು ನೇಕಾರರ ಒಂದು ಶ್ರೇಣಿಯಲ್ಲಿ ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಗೂ, 1000ವನ್ನು ಇನ್ನೊಂದು ಶ್ರೇಣಿಯಲ್ಲಿ ಮುಕ್ಕಾಲರ ಬಡ್ಡಿಗೂ ಇಡಲಾಯಿತು. ಮೊದಲ ಮೊತ್ತದ ಬಡ್ಡಿಯಿಂದ ಮಳೆಗಾಲದಲ್ಲಿ ತಂಗುವ 20 ಭಿಕ್ಷುಗಳಿಗೆ ತಲಾ 12 ಕಾರ್ಷಾಪಣಗಳಂತೆ ಚೀವರದ ವೆಚ್ಚ ಸಲ್ಲಬೇಕು. ಅಸಲನ್ನು ಹಿಂದಕ್ಕೆ ಕೊಡುವಂತಿಲ್ಲ. ಬಡ್ಡಿ ಮಾತ್ರ ಭೋಗ್ಯ. ಅದೇ ಹಣ ದಾನಿಗೆ ನೀವಿ, ನೂಲು ಕೊಳ್ಳಬೇಕಾದ ನೇಕಾರರಿಗೆ ಬಂಡವಾಳ.

ಭಾಂಡದಿಂದ ಕನ್ನಡಕ್ಕೆ ಬಂದ ಇನ್ನೊಂದು ಮಾತು ಭಂಡಾರ; ಅದರ ಮೂಲ ಭಾಂಡಾಗಾರ. ಬಿಜ್ಜಳನ ಆಸ್ಥಾನದ ಬಸವಣ್ಣನವರನ್ನು ಭಂಡಾರಿ ಎಂದು ಕರೆದುದು ಈ ಶಬ್ದದಿಂದಲೇ. ಭಂಡಾರದ ಸರಕು ಕಾಪಿನಲ್ಲಿರುತ್ತದೆ, ಬಂಡವಾಳದ ಸರಕು ಕೈಯಿಂದ ಕೈಗೆ ಹೋಗುತ್ತದೆ. ಒಳಗಿನ ಟೊಳ್ಳು ಹೊರಬಿದ್ದವನನ್ನು ಕುರಿತು ಜನರು ಅವನ ಬಂಡವಾಳ ಬಯಲಾಯಿತು ಎನ್ನುತ್ತಾರೆ. ಮೂಷಕನ ಬಂಡವಾಳವು ಮೊದಲ ದಿನವೇ ಎಲ್ಲರ ಕಣ್ಣೆದುರಿಗೆ ಬಯಲಾಗಿ ಬಿದ್ದಿದ್ದಿತು.