ಸಾರಾಳ ಅಪ್ಪ ವಾಪಸ್ ಬರ್ತಾನಾ?

ಪುಸ್ತಕ ಓದಿಕೊಂಡು ಸಿನಿಮಾಕ್ಕೆ ಹೋದವರು ಹೊರಗೆ ಬಂದು ಹೇಳೋ ಮಾತು ಒಂದೇ: "ಪುಸ್ತಕದಲ್ಲಿ ಹಾಗಿಲ್ಲ ಮಾರಾಯಾ!" ನಾನೂ ಅದೇ ಜಾತಿ. ಆದರೆ ಒಂದು ಕತೆಯ ವಿಷಯದಲ್ಲಿ ನನ್ನದು ಉಲ್ಟಾ ಆಯ್ತು. ಸಿನಿಮಾ ಮೊದಲು ನೋಡಿದ್ದೆ, ಪುಸ್ತಕ ಹತ್ತು ವರ್ಷದ ಮೇಲೆ ಓದಿದೆ. ಓದಿ ಮುಗಿಸಿದಾಗ ನನ್ನ ಬಾಯಲ್ಲಿ ಬಂದದ್ದು "ಸಿನಿಮಾದಲ್ಲಿ ಹಾಗಿರಲಿಲ್ವಲ್ಲ" ಅಂತ.

ಕತೆ ಫ್ರಾನ್ಸಿಸ್ ಹಾಜ್‌ಸನ್ ಬರ್ನೆಟ್ ಬರೆದ 'ಎ ಲಿಟ್ಲ್ ಪ್ರಿನ್ಸೆಸ್'. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡ್ತೀನಿ. ಇಂಡಿಯಾದಲ್ಲಿ ಹುಟ್ಟಿದ ಸಾರಾ ಕ್ರೂ ಎಂಬ ಏಳು ವರ್ಷದ ಹುಡುಗಿ. ಅಮ್ಮ ಇಲ್ಲ. ಅಪ್ಪ ಕ್ಯಾಪ್ಟನ್ ಕ್ರೂ ಅವಳನ್ನು ಲಂಡನ್ನಿನಲ್ಲಿ ಮಿಸ್ ಮಿಂಚಿನ್ ಎಂಬಾಕೆಯ ಬೋರ್ಡಿಂಗ್ ಶಾಲೆಗೆ ಬಿಟ್ಟು ಇಂಡಿಯಾಕ್ಕೆ ವಾಪಸ್ ಹೋಗ್ತಾನೆ. ದುಡ್ಡಿದೆ, ಹಾಗಾಗಿ ಸಾರಾ ಶಾಲೆಯ ರಾಜಕುಮಾರಿ. ಅವಳ ಹನ್ನೊಂದನೇ ಹುಟ್ಟುಹಬ್ಬದ ದಿನ, ಪಾರ್ಟಿಯ ನಡುವೆಯೇ ಸುದ್ದಿ ಬರುತ್ತೆ. ಗೆಳೆಯನ ವಜ್ರದ ಗಣಿಗೆ ಹಾಕಿದ ದುಡ್ಡೆಲ್ಲ ಹೋಯ್ತು, ಅಪ್ಪ ಜ್ವರದಲ್ಲಿ ಸತ್ತ. ಮಿಂಚಿನ್ ಮೇಡಂ ಅವಳನ್ನು ಅಟ್ಟಕ್ಕೆ ಹಾಕಿ ಕೆಲಸದವಳನ್ನಾಗಿ ಮಾಡ್ತಾಳೆ. ಪಕ್ಕದ ಕೋಣೆಯಲ್ಲಿ ಬೆಕಿ ಎಂಬ ಆಳುಹುಡುಗಿ, ಜೊತೆಗೊಂದು ಇಲಿ. ಕೊನೆಗೆ ಪಕ್ಕದ ಮನೆಗೆ ಬಂದ ರೋಗಿಷ್ಠ ಶ್ರೀಮಂತನೇ ಅಪ್ಪನ ಆ ಗೆಳೆಯ ಅಂತ ಗೊತ್ತಾಗುತ್ತೆ. ಗಣಿಯಲ್ಲಿ ವಜ್ರ ನಿಜವಾಗಿಯೂ ಇತ್ತು. ಅವನು ಸಾರಾಳನ್ನು ಸಾಕಿಕೊಳ್ತಾನೆ. ಅಪ್ಪ ಮಾತ್ರ ಬರಲ್ಲ.

(ಇಂಡಿಯಾದಲ್ಲಿ ವಜ್ರದ ಗಣಿ ಅನ್ನೋದು ಆ ಕಾಲಕ್ಕೆ ಹೆಚ್ಚುಕಮ್ಮಿ ಕಟ್ಟುಕತೆಯೇ. ಗೋಲ್ಕೊಂಡದ ಗಣಿಗಳು ಬರಿದಾಗಿ ಕಾಲವಾಗಿತ್ತು. ಆದರೆ ದುಡ್ಡು ಮುಳುಗಿತು ಅಂದುಕೊಂಡ ಮೇಲೆ ನಿಧಿ ಸಿಗೋದು ಮಾತ್ರ ನಮ್ಮ ಕೋಲಾರದಲ್ಲೇ ನಡೆದಿತ್ತು. 1880ರಲ್ಲಿ ಶುರುವಾದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಬಂಡವಾಳ ಕರಗಿ ಬಾಗಿಲು ಹಾಕೋ ಹಂತಕ್ಕೆ ಬಂದಿತ್ತು, ಆಮೇಲೆ ಚಾಂಪಿಯನ್ ಲೋಡ್ ಸಿಕ್ತು. ಬರ್ನೆಟ್‌ಗೆ ಇದು ಗೊತ್ತಿತ್ತು ಅಂತ ನಾನು ಹೇಳ್ತಿಲ್ಲ, ಸುಮ್ಮನೆ ನೆನಪಾಯ್ತು.)

ಈಗ 'ಮೂಲಕ್ಕೆ ನಿಷ್ಠೆ' ಅನ್ನೋ ಮಾತಿಗೆ ಬರೋಣ. ಯಾವ ಮೂಲ? ಬರ್ನೆಟ್ 1887-88ರಲ್ಲಿ 'ಸೇಂಟ್ ನಿಕೊಲಸ್' ಎಂಬ ಮಕ್ಕಳ ಪತ್ರಿಕೆಗೆ ಇದನ್ನು ಒಂದು ನೀಳ್ಗತೆಯಾಗಿ ಬರೆದಿದ್ದಳು. ಅದರಲ್ಲಿ ಬೆಕಿ ಇರಲೇ ಇಲ್ಲ. 1902ರಲ್ಲಿ ಅದನ್ನೇ ನಾಟಕ ಮಾಡಿದಳು, ಲಂಡನ್ನಿನಲ್ಲಿ ಆಡಿದರು, ಮುಂದಿನ ವರ್ಷ ನ್ಯೂಯಾರ್ಕಿನಲ್ಲಿ. ನಾಟಕ ಗೆದ್ದ ಮೇಲೆ ಪ್ರಕಾಶಕರು ಕತೆಯನ್ನು ಹಿಗ್ಗಿಸಿ ಕೊಡಿ ಅಂದರು. ಹಾಗೆ 1905ರಲ್ಲಿ ಬಂದದ್ದು ನಾವು ಓದೋ ಕಾದಂಬರಿ. ಅಂದರೆ ಮೊದಲ ರೂಪಾಂತರ ಮಾಡಿದವಳು ಲೇಖಕಿಯೇ! ನಮ್ಮ ಭಾಷೆಯಲ್ಲಿ ಹೇಳೋದಾದರೆ ವರ್ಷನ್ 1, ವರ್ಷನ್ 2, ವರ್ಷನ್ 3. ಮೂರರಲ್ಲೂ ಅವಳು ಮುಟ್ಟದೆ ಬಿಟ್ಟದ್ದು ಒಂದು, ಅಪ್ಪನ ಸಾವು. ಅವಳ ಸ್ವಂತ ಅಪ್ಪ ತೀರಿಕೊಂಡಾಗ ಅವಳಿಗೆ ನಾಲ್ಕು ತುಂಬಿರಲಿಲ್ಲ.

ಈ ಹೆಂಗಸು ತನ್ನ ಕತೆಗಳ ಬಗ್ಗೆ ಸುಮ್ಮನೆ ಕೂರೋಳಲ್ಲ. ಅವಳ 'ಲಿಟ್ಲ್ ಲಾರ್ಡ್ ಫಾಂಟ್ಲ್‌ರಾಯ್' ಕಾದಂಬರಿಯನ್ನು ಸೀಬೋಮ್ ಎಂಬಾತ ಕೇಳದೆಯೇ ನಾಟಕ ಮಾಡಿದ. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಕಾದಂಬರಿಯನ್ನು ರಂಗದ ಮೇಲೆ ಆಡಿದರೆ ತಪ್ಪೇ ಇರಲಿಲ್ಲ. ತಪ್ಪು ಸಿಕ್ಕಿದ್ದು ಎಲ್ಲಿ ಗೊತ್ತಾ? ನಾಟಕದ ಹಸ್ತಪ್ರತಿಯಲ್ಲಿ. ಪುಸ್ತಕದ ಮಾತುಗಳನ್ನೇ ಎತ್ತಿ ಬರೆದು ಅವನು ನಾಲ್ಕು ಪ್ರತಿ ಮಾಡಿಸಿದ್ದ. ಆಡಿದ್ದಕ್ಕಲ್ಲ, ಪ್ರತಿ ಮಾಡಿದ್ದಕ್ಕೆ 1888ರಲ್ಲಿ ಕೋರ್ಟು ಅವನನ್ನು ತಡೆಯಿತು. ಕಾಪಿ-ಪೇಸ್ಟ್ ಮಾಡಿ ಸಿಕ್ಕಿಬಿದ್ದವರ ಪಟ್ಟಿಯಲ್ಲಿ ಇವನಿಗೂ ಒಂದು ಜಾಗ ಕೊಡಬೇಕು :) ಬ್ರಿಟನ್ನಿನ ಲೇಖಕರ ಸಂಘ ಬರ್ನೆಟ್‌ಗೆ ಔತಣ ಕೊಟ್ಟು ವಜ್ರದ ಬಳೆ ತೊಡಿಸಿತು.

ಸಿನಿಮಾದವರ ಸರದಿ. 1917ರ ಮೂಕಿಚಿತ್ರದಲ್ಲಿ ಸಾರಾ ಆದವಳು ಮೇರಿ ಪಿಕ್‌ಫರ್ಡ್, ಆಗ ಅವಳ ವಯಸ್ಸು 25! ಆಮೇಲೆ 1939ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಶರ್ಲಿ ಟೆಂಪಲ್‌ಳನ್ನು ಹಾಕಿಕೊಂಡು ಟೆಕ್ನಿಕಲರ್‌ನಲ್ಲಿ ತೆಗೆಯಿತು. ವಜ್ರದ ಗಣಿ ಪಕ್ಕಕ್ಕೆ ಸರಿದು ಬೋಯರ್ ಯುದ್ಧ ಬಂತು. ಶರ್ಲಿ ಇದ್ದ ಮೇಲೆ ಹಾಡು-ಕುಣಿತ ಇರಲೇಬೇಕು, ಇದೆ. ಅಪ್ಪ ಸತ್ತಿಲ್ಲ, ನೆನಪು ಕಳಕೊಂಡು ಆಸ್ಪತ್ರೆಯಲ್ಲಿದ್ದಾನೆ. ವಿಕ್ಟೋರಿಯಾ ರಾಣಿಯೇ ತೆರೆ ಮೇಲೆ ಬಂದು ಮಗುವಿಗೆ ನೆರವಾಗ್ತಾಳೆ. ರಾಮದಾಸನ ಪಾತ್ರಕ್ಕೆ ಹಾಲಿವುಡ್ಡಿನ ಸೀಸರ್ ರೊಮೆರೋಗೆ ಪೇಟ ಸುತ್ತಿದ್ದಾರೆ. ನೋಡಿ ನಗಬೇಕೋ ಅಳಬೇಕೋ ತಿಳಿಯಲ್ಲ.

1985ರಲ್ಲಿ ಜಪಾನಿನವರು 46 ಕಂತಿನ ಕಾರ್ಟೂನ್ ಮಾಡಿದರು. ಅಲ್ಲಿ ಅಪ್ಪ ಸಾಯ್ತಾನೆ. ಪೀಟರ್ ಅಂತ ಒಬ್ಬ ಗಾಡಿ ಹುಡುಗನನ್ನು ಸೇರಿಸಿದ್ದಾರೆ, ಕೊನೆಗೆ ಸಾರಾ ಆ ಮಿಂಚಿನ್ ಶಾಲೆಗೇ ದೇಣಿಗೆ ಕೊಟ್ಟು ಕ್ಷಮಿಸ್ತಾಳೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲಪ್ಪ.

ನಾನು ನೋಡಿದ್ದು 1995ರದ್ದು, ಅಲ್ಫಾನ್ಸೋ ಕ್ವಾರೋನ್ ನಿರ್ದೇಶನ. ನಾನಾಗ ಏಳನೇ ಕ್ಲಾಸು, ದೊಡ್ಡ ರಜೆ, ಕೇಬಲ್ಲಿನಲ್ಲಿ ಬಂತು. ಕನ್ನಡ ಮೀಡಿಯಂ ಹುಡುಗನಿಗೆ ಅರ್ಧಕ್ಕರ್ಧ ಡೈಲಾಗ್ ಅರ್ಥವಾಗಲಿಲ್ಲ. ಲಂಡನ್ ಹೋಗಿ ನ್ಯೂಯಾರ್ಕ್ ಆಗಿದೆ, ಕಾಲ ಮೊದಲ ಮಹಾಯುದ್ಧದ್ದು ಅಂತೆಲ್ಲ ಯಾರಿಗೆ ಗೊತ್ತು? ಆದರೆ ಸಾರಾ ಹೇಳೋ ಕತೆ ನಮ್ಮ ರಾಮಾಯಣ! ನೀಲಿ ಮೈಯ ರಾಮ, ಹತ್ತು ತಲೆಯ ರಾವಣ. ಲಕ್ಷ್ಮಣ ಇಲ್ಲ, ಸೀತೆಯ ಸುತ್ತ ಗೆರೆ ಎಳೆಯೋನು ರಾಮನೇ. ಅಪ್ಪನ ಪಾತ್ರ ಮಾಡಿದ ಲಿಯಾಮ್ ಕನ್ನಿಂಗ್‌ಹ್ಯಾಮ್‌ನೇ ರಾಮ ಕೂಡಾ. ಅಪ್ಪ ಸತ್ತ ಅಂತ ಗೊತ್ತಾದ ರಾತ್ರಿ ಸಾರಾ ಅಟ್ಟದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ದುಂಡು ಗೆರೆ ಎಳೆದು ಅದರೊಳಗೆ ಮುದುಡಿ ಮಲಗ್ತಾಳೆ.

ಇದು ಪುಸ್ತಕದಲ್ಲಿಲ್ಲ. ಇಡೀ ಸಿನಿಮಾದಲ್ಲಿ ಪುಸ್ತಕಕ್ಕೆ ಅತೀ ಹತ್ತಿರ ಇರೋ ದೃಶ್ಯ ಇದೇ ಅಂತ ಈಗಲೂ ನನಗೆ ಅನ್ನಿಸುತ್ತೆ.

ನನ್ನ ಅಪ್ಪ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. ಆ ಸಿನಿಮಾದಲ್ಲೂ ಅಪ್ಪ ಸತ್ತಿರಲ್ಲ. ಯುದ್ಧದಲ್ಲಿ ಗ್ಯಾಸಿಗೆ ಸಿಕ್ಕಿ ನೆನಪು ಹೋಗಿ ಪಕ್ಕದ ಮನೆಯಲ್ಲೇ ಇರ್ತಾನೆ. ಪೊಲೀಸರು ಮಗಳನ್ನು ಎಳೆದುಕೊಂಡು ಹೋಗುವಾಗ ಕಡೇ ಗಳಿಗೆಯಲ್ಲಿ ನೆನಪು ಬಂದು ಮಳೆಯಲ್ಲಿ ಓಡಿ ಬರ್ತಾನೆ. ನಾನು ಆ ರಜೆಯಿಡೀ ಲೆಕ್ಕ ಹಾಕ್ತಿದ್ದೆ. ಆಸ್ಪತ್ರೆಯಿಂದ ತಂದವರು ಮುಖ ಸರಿಯಾಗಿ ತೋರಿಸಿದ್ರಾ? ತಪ್ಪಾಗಿರಬಹುದಲ್ಲ? ಮುಖ ನಾನೇ ನೋಡಿದ್ದೆ, ಬಾಯಿಗೆ ನೀರೂ ನಾನೇ ಬಿಟ್ಟಿದ್ದೆ. ಆದರೂ ಲೆಕ್ಕ ನಿಲ್ಲಲಿಲ್ಲ. ಅಮ್ಮನಿಗೆ ಹೇಳಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಬೆಂಚಿನಲ್ಲಿದ್ದೆ. ಟೈಮ್ ಪಾಸಿಗೆ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಸ್ತಕ ಸಿಕ್ತು, ಎರಡು ರಾತ್ರಿಗೆ ಮುಗಿಸಿದೆ. ಕೊನೇ ಪುಟದವರೆಗೂ ಕಾದೆ, ಅವನು ಬರಲಿಲ್ಲ. ಕೋಪ ಬರುತ್ತೆ ಅಂದುಕೊಂಡಿದ್ದೆ, ನಿರಾಳ ಆಯ್ತು. ಮೇಡಂ ಬರ್ನೆಟ್ ನನಗೆ ಸುಳ್ಳು ಹೇಳಿಲ್ಲ ಅಂತ.

ಆಮೇಲೆ 1986ರಲ್ಲಿ ಲಂಡನ್ ವೀಕೆಂಡ್ ಟೆಲಿವಿಷನ್ ಮಾಡಿದ ಆರು ಕಂತಿನ ಧಾರಾವಾಹಿ ಹುಡುಕಿ ನೋಡಿದೆ. ನಿರ್ದೇಶಕಿ ಕ್ಯಾರಲ್ ವೈಸ್‌ಮನ್, ಸಾರಾ ಆಗಿ ಅಮೀಲಿಯಾ ಶ್ಯಾಂಕ್ಲಿ, ಮಿಂಚಿನ್ ಆಗಿ ಮೌರೀನ್ ಲಿಪ್‌ಮನ್. ಸೆಟ್ಟು ಸಾಧಾರಣ, ಬೆಳಕು ಮಂಕು, ಕ್ವಾರೋನ್ ಮುಂದೆ ಬಡವಿ. ಆದರೆ ಪುಸ್ತಕದ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ನಡೆದಿದೆ. ಹಸಿದ ಸಾರಾ ಬೀದಿಯಲ್ಲಿ ಸಿಕ್ಕ ನಾಣ್ಯಕ್ಕೆ ಬನ್ನು ಕೊಂಡು, ಆರರಲ್ಲಿ ಐದನ್ನು ಭಿಕ್ಷುಕ ಹುಡುಗಿಗೆ ಕೊಡೋ ಪ್ರಸಂಗವನ್ನು ಅವಸರ ಮಾಡದೆ ತೋರಿಸೋಕೆ ಆರು ಕಂತು ಇದ್ದರೇ ಸಾಧ್ಯ. ಒಂದೂವರೆ ಗಂಟೆಯ ಸಿನಿಮಾಕ್ಕೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು. ಶಂಕರ್ ನಾಗ್ 'ಸ್ವಾಮಿ ಅಂಡ್ ಫ್ರೆಂಡ್ಸ್' ಅನ್ನು ಮಾಲ್ಗುಡಿ ಡೇಸ್‌ನಲ್ಲಿ ಕಂತು ಕಂತಾಗಿ ತೆಗೆದದ್ದೂ ಹಾಗೇ ಅಲ್ವಾ. ಆಗುಂಬೆಯಲ್ಲಿ ಶೂಟಿಂಗ್, ಹಿಂದಿ ಮಾತು, ಆದರೂ ನಮಗೆ ಅದೇ ಮಾಲ್ಗುಡಿ.

ಒಂದು ಮಾತು ಒಪ್ಪಿಕೊಳ್ಳಬೇಕು. ಪುಸ್ತಕದ ಕೊನೆಯಲ್ಲಿ ಬೆಕಿ ಸಾರಾಳ ಗೆಳತಿಯಾಗಲ್ಲ, ಅವಳ ಸೇವಕಿಯಾಗ್ತಾಳೆ. ಕ್ವಾರೋನ್ ಅವಳನ್ನು ಕರಿಯ ಹುಡುಗಿ ಮಾಡಿ, ಕೊನೆಗೆ ಸಾರಾಳ ಜೊತೆಗೇ ಅದೇ ಮನೆಯ ಮಗಳನ್ನಾಗಿ ಕಳಿಸ್ತಾನೆ. ಈ ಒಂದು ಬದಲಾವಣೆಗೆ ನನ್ನ ಪೂರ್ತಿ ವೋಟು. ನಿಷ್ಠೆ ನಿಷ್ಠೆ ಅಂತ ಕೂಗೋ ನಾನು ಇಲ್ಲಿ ಪಕ್ಷ ಬದಲಿಸಿದ್ದು ನಿಮಗೆ ಕಂಡಿರಬೇಕು.

ಕಳೆದ ಭಾನುವಾರ ಅಕ್ಕನ ಮಗಳು ಬಂದಿದ್ದಳು. ಎರಡನೇ ಕ್ಲಾಸು. ಯಾವುದು ಹಾಕಲಿ ಅಂತ ಸ್ವಲ್ಪ ಹೊತ್ತು ರಿಮೋಟ್ ಹಿಡಿದು ಕೂತಿದ್ದೆ. ಚೆಂದದ ಸಿನಿಮಾ ಬಿಟ್ಟು ಮಂಕು ಧಾರಾವಾಹಿ ಹಾಕಿದೆ. ಅಡುಗೆಮನೆಯಲ್ಲಿದ್ದ ಅಮ್ಮ ಹುಟ್ಟುಹಬ್ಬದ ದೃಶ್ಯದ ಹೊತ್ತಿಗೆ ಕೈ ಒರೆಸಿಕೊಳ್ತಾ ಬಂದು ಬಾಗಿಲಲ್ಲಿ ನಿಂತಳು.

"ಮಾಮಾ, ಅವಳ ಅಪ್ಪ ವಾಪಸ್ ಬರ್ತಾನಾ?"

"ಇಲ್ಲ ಪುಟ್ಟಿ, ಬರಲ್ಲ."

ಅವಳು ಒಂದು ನಿಮಿಷ ನನ್ನ ಮುಖ ನೋಡಿದಳು. ಆಮೇಲೆ, "ಆ ಇಲಿ ಯಾವಾಗ ಬರುತ್ತೆ?" ಅಂದಳು.