ತೋಡಿನ ಮೀನಿಗೆ ಹೆಸರಿಟ್ಟವರು

ಬೆಂಗಳೂರಿನ ಯಾವ ಅಕ್ವೇರಿಯಂ ಅಂಗಡಿಗೆ ಹೋಗಿ ‘ಮೊದಲ ಸಲ ಮೀನು ಸಾಕ್ತಿದ್ದೀನಿ, ಯಾವುದು ಒಳ್ಳೇದು?’ ಅಂತ ಕೇಳಿದರೂ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. ನಿಯಾನ್ ಟೆಟ್ರಾ, ಜೀಬ್ರಾ ಡ್ಯಾನಿಯೋ, ರೋಸಿ ಬಾರ್ಬ್. ಎಲ್ಲ ಸಣ್ಣ, ಸಾಧು ಮೀನುಗಳು. ಜಗಳ ಮಾಡುವುದಿಲ್ಲ, ಗುಂಪು ಬಿಟ್ಟು ಇರುವುದಿಲ್ಲ. ಇವುಗಳಲ್ಲಿ ನಿಯಾನ್ ಟೆಟ್ರಾ ಅಮೆಜಾನ್ ಕಡೆಯದು. ಉಳಿದೆರಡು ನಮ್ಮ ಉಪಖಂಡದವೇ. ‘ಡ್ಯಾನಿಯೋ’ ಅನ್ನುವ ಸ್ಟೈಲಿಶ್ ಹೆಸರು ಬಂದದ್ದು ಬಂಗಾಳಿಯ ‘ಧಾನಿ’ಯಿಂದ. ಭತ್ತದ ಗದ್ದೆಯದು ಅಂತ ಅರ್ಥ. ನ್ಯೂಯಾರ್ಕಿನ ಫ್ಲ್ಯಾಟಿನ ಗಾಜಿನ ತೊಟ್ಟಿಯಲ್ಲಿ ಓಡಾಡುವಾಗಲೂ ಅದು ಗದ್ದೆಮೀನೇ.

ಆ ಹೆಸರನ್ನು ಪುಸ್ತಕಕ್ಕೆ ಸೇರಿಸಿದ ಮನುಷ್ಯ ಒಂದು ಕಾಲದಲ್ಲಿ ನಮ್ಮೂರಿನ ಸುತ್ತ ಓಡಾಡಿ ಹೋಗಿದ್ದ ಅಂತ ಗೊತ್ತಾದ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ನಮ್ಮೂರು ಸಿದ್ಧಕಟ್ಟೆ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ನೋಡಿಕೊಂಡು ಬಾ ಅಂತ ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ಸ್ಕಾಟಿಷ್ ಡಾಕ್ಟರನ್ನು ಕಳಿಸಿದ. ಆತನೇ ಫ್ರಾನ್ಸಿಸ್ ಬುಕಾನನ್. 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟು, 1801ರ ಆರಂಭದಲ್ಲಿ ತುಳುನಾಡಿಗೆ ಬಂದ. ಮಂಗಳೂರು, ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳ. ಈ ಊರುಗಳನ್ನು ಮ್ಯಾಪಿನಲ್ಲಿ ಗುರುತು ಮಾಡಿ ಗೆರೆ ಎಳೆದರೆ ಸಿದ್ಧಕಟ್ಟೆ ಆ ಗೆರೆಯ ಒಳಗೆ ಕೂರುತ್ತದೆ. ಆತ ಭತ್ತದ ಬೆಳೆ, ಅಡಿಕೆ, ಕಾಳುಮೆಣಸು, ಗೇಣಿ, ಜೈನ ಬಸದಿ ಎಲ್ಲವನ್ನೂ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳ ಪ್ರವಾಸಕಥನ ಪ್ರಕಟವಾಯಿತು. ಈಗಲೂ ನಮ್ಮ ಜಿಲ್ಲೆಯ ಇತಿಹಾಸ ಬರೆಯುವವರು ಅದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ.

ಮೀನಿನ ಹುಚ್ಚು ಪೂರ್ತಿಯಾಗಿ ಹಿಡಿದದ್ದು ಬಂಗಾಳದಲ್ಲಿ. ಅಲ್ಲಿನ ಸರ್ವೆ ಕೆಲಸ ಮಾಡುತ್ತಲೇ ಗಂಗೆಯ ಮೀನುಗಳನ್ನು ಒಂದೊಂದಾಗಿ ನೋಡಿ, ಊರವರು ಕರೆಯುವ ಹೆಸರು ಕೇಳಿ ಬರೆದುಕೊಂಡ. ತಾಯಿಯ ಕಡೆಯ ಆಸ್ತಿ ಬಂದಾಗ ‘ಹ್ಯಾಮಿಲ್ಟನ್’ ಆದ. 1822ರಲ್ಲಿ ಎಡಿನ್‌ಬರೋದಲ್ಲಿ ಗಂಗಾನದಿಯ ಮೀನುಗಳ ಪುಸ್ತಕ ತಂದ. ಜೀಬ್ರಾ ಡ್ಯಾನಿಯೋ, ರೋಸಿ ಬಾರ್ಬ್, ಡ್ವಾರ್ಫ್ ಗೌರಾಮಿ, ಹನಿ ಗೌರಾಮಿ, ಮೈಯೊಳಗಿನ ಮುಳ್ಳು ಕಾಣುವ ಗಾಜುಮೀನು, ಎಲ್ಲವೂ ಮೊದಲು ವಿಜ್ಞಾನಕ್ಕೆ ಪರಿಚಯ ಆದದ್ದು ಆ ಒಂದೇ ಪುಸ್ತಕದಲ್ಲಿ. ರೇರಿಯೋ, ಚೂನಾ, ರಂಗಾ, ಲಾಲಿಯಸ್: ಲ್ಯಾಟಿನ್ ಅಂಗಿ ಹಾಕಿಕೊಂಡ ಊರಿನ ಹೆಸರುಗಳು.

ಆತನಿಗೆ ಚಿತ್ರ ಬರೆದುಕೊಟ್ಟದ್ದು ಹಾಲುದಾರ್ ಎಂಬ ಬಂಗಾಳಿ ಯುವಕ. 1815ರಲ್ಲಿ ಬುಕಾನನ್ ಭಾರತ ಬಿಡುವಾಗ ಚಿತ್ರಗಳ ದೊಡ್ಡ ಸಂಗ್ರಹವನ್ನು ಸರ್ಕಾರ ಕಲ್ಕತ್ತಾದಲ್ಲೇ ಉಳಿಸಿಕೊಂಡಿತು. ಹಾಲುದಾರನ ಹೆಸರು ಇನ್ನೂರು ವರ್ಷ ಯಾವ ಮೀನಿಗೂ ಅಂಟಲಿಲ್ಲ. ಕೊನೆಗೆ ಅಂಟಿದ್ದು ನಮ್ಮ ಕಡೆಯ ಮೀನಿಗೆ, ಅದೂ ಒಂದು ಬಗ್ ಫಿಕ್ಸ್‌ನಿಂದ!

ಪಶ್ಚಿಮ ಘಟ್ಟದ ಹೊಳೆ, ತೋಡುಗಳಲ್ಲಿ ಮೈಮೇಲೆ ಕಪ್ಪು ಪಟ್ಟೆ ಇರುವ ಒಂದು ಪುಟ್ಟ ಮೀನಿದೆ. ಗಂಡಿಗೆ ಕಾಲ ಬಂದಾಗ ಮೈ ಕೆಂಪೇರುತ್ತದೆ. ಅಂಗಡಿಯ ಭಾಷೆಯಲ್ಲಿ ಮೆಲನ್ ಬಾರ್ಬ್. ಮದರಾಸು ಸೈನ್ಯದ ಡಾಕ್ಟರ್ ಜೆರ್ಡನ್ 1849ರಲ್ಲಿ ಅದನ್ನು ಮೊದಲು ವಿವರಿಸಿದ. 2012ರಲ್ಲಿ ಶ್ರೀಲಂಕಾದ ರೋಹನ್ ಪೆತಿಯಗೊಡ ಮತ್ತು ಸಂಗಡಿಗರು ಈ ಗುಂಪಿಗೆ ‘ದ್ರಾವಿಡಿಯಾ’ ಎಂಬ ಹೊಸ ಕುಲದ ಹೆಸರು ಕೊಟ್ಟರು. ಆಮೇಲೆ ನೋಡಿದರೆ ಆ ಹೆಸರು ಒಂದು ನೊಣದ ಕುಲಕ್ಕೆ ಆಗಲೇ ಹೋಗಿತ್ತು. ಕೋಡ್ ಬರೆಯುವವರಿಗೆ ಹೇಳಬೇಕಾಗಿಲ್ಲ, ನೇಮ್‌ಸ್ಪೇಸ್ ಕಾನ್‌ಫ್ಲಿಕ್ಟ್. 2013ರಲ್ಲಿ ರೀನೇಮ್ ಮಾಡಿದರು: ಹಾಲುದಾರಿಯಾ. ಮೀನು ನಮ್ಮ ಘಟ್ಟದ್ದು, ಹೆಸರು ಬಂಗಾಳದ ಚಿತ್ರಗಾರನದು. ನನಗೇನೋ ಇದು ಬಹಳ ಇಷ್ಟ.

ಮೀನು ಪುಸ್ತಕದಿಂದ ಗಾಜಿನ ತೊಟ್ಟಿಗೆ ಬಂದದ್ದು ಆಮೇಲಿನ ಕಥೆ. 1853ರಲ್ಲಿ ಲಂಡನ್ ಝೂನಲ್ಲಿ ಮೀನುಮನೆ ತೆರೆಯಿತು, ಮರುವರ್ಷ ಗಾಸ್ ಎಂಬಾತನ ‘ದಿ ಅಕ್ವೇರಿಯಂ’ ಪುಸ್ತಕ ಬಂತು, ಇಂಗ್ಲೆಂಡಿನ ಮನೆಗಳಿಗೆ ಮೀನಿನ ಹುಚ್ಚು ಹತ್ತಿತು. ಹಡಗುಗಳಲ್ಲಿ ಭಾರತದ ಮೀನು ಜರ್ಮನಿಗೆ ಹೋದದ್ದು 20ನೇ ಶತಮಾನದ ಮೊದಲ ವರ್ಷಗಳಲ್ಲಿ. ಜೀಬ್ರಾ ಡ್ಯಾನಿಯೋ ಗಟ್ಟಿಜೀವ, ಸುಲಭವಾಗಿ ಮೊಟ್ಟೆ ಇಡುತ್ತದೆ, ಹಾಗಾಗಿ ಎಲ್ಲ ಕಡೆ ಹರಡಿತು. ಅಮೆರಿಕದ ಒರೆಗಾನ್‌ನಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಅದನ್ನೇ ಲ್ಯಾಬಿಗೆ ಒಯ್ದು 1981ರಲ್ಲಿ ಅದರ ಕ್ಲೋನ್ ಮಾಡಿದ ಸುದ್ದಿ ಪ್ರಕಟಿಸಿದ. ಮನುಷ್ಯನ ಸುಮಾರು 70% ಜೀನ್‌ಗಳಿಗೆ ಈ ಮೀನಿನಲ್ಲಿ ಜೋಡಿ ಇದೆ ಅಂತ 2013ರಲ್ಲಿ ಗೊತ್ತಾಯಿತು. ನಮ್ಮ ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲೂ ಗದ್ದೆಮೀನಿನ ಮೇಲೆ ಸಂಶೋಧನೆ ನಡೆಯುತ್ತದೆ.

ಗುಂಪಿನ ಮೀನು ಅಂದರೆ ಏನು ಅನ್ನುವುದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ಮೊದಲ ಮಳೆಗೆ ತೋಡು ತುಂಬಿದಾಗ ಮೀನು ನೀರಿಗೆದುರಾಗಿ ಗದ್ದೆಗೆ ಹತ್ತುತ್ತದೆ. ನಮ್ಮಲ್ಲಿ ಅದಕ್ಕೆ ‘ಉಬರ್’ ಅನ್ನುತ್ತಾರೆ. ದೊಡ್ಡವರು ಸಾರಿಗಾಗುವ ಮೀನು ಹಿಡಿಯುತ್ತಿದ್ದರು, ಮಕ್ಕಳು ನಾವು ಬೈರಾಸಿನಲ್ಲಿ ಸಣ್ಣವನ್ನು ಹಿಡಿದು ಹಾರ್ಲಿಕ್ಸ್ ಬಾಟಲಿಗೆ ಹಾಕುತ್ತಿದ್ದೆವು. ಒಂದೇ ಮೀನು ಹಾಕಿದರೆ ಅದು ಬಾಟಲಿಯ ತಳಕ್ಕೆ ಹೋಗಿ ಕೂರುತ್ತಿತ್ತು. ಏಳೆಂಟು ಹಾಕಿದರೆ ಮೇಲೆ ಬಂದು ಆಟ. ‘ಸಂಜೆಯೊಳಗೆ ಬಿಟ್ಟು ಬಾ ಮಗ, ಅವಕ್ಕೂ ಸಂಸಾರ ಉಂಟು’ ಅಂತ ಅಜ್ಜಿ ಹೇಳುತ್ತಿದ್ದರು. ಅಕ್ವೇರಿಯಂ ಪುಸ್ತಕಗಳು ‘ಕನಿಷ್ಠ ಆರು’ ಅನ್ನುವುದೂ ಇದನ್ನೇ. ಗುಂಪಿನಲ್ಲಿದ್ದರೆ ಬೇಟೆಗಾರನಿಗೆ ಒಂದನ್ನೇ ಗುರಿ ಹಿಡಿಯುವುದು ಕಷ್ಟ. ಒಂಟಿಯಾದರೆ ಭಯ, ಭಯಕ್ಕೆ ಬಣ್ಣ ಮಾಸುತ್ತದೆ, ತಿನ್ನುವುದೂ ಕಡಿಮೆ. ‘ಶೋಗೆ ಪ್ರತಿ ಜಾತಿಯಲ್ಲಿ ಎರಡೆರಡು ಕೊಡಿ’ ಅಂತ ಕೇಳುವ ಮೊದಲು ಇದು ನೆನಪಿರಲಿ.

ಈ ನೀರಿನ ಬಗ್ಗೆ ಬಹಳ ಹಿಂದೆಯೇ ತಲೆಕೆಡಿಸಿಕೊಂಡ ಒಬ್ಬ ಅಧಿಕಾರಿ ನಮ್ಮ ಜಿಲ್ಲೆಯಲ್ಲಿದ್ದ. ದಕ್ಷಿಣ ಕನ್ನಡದ ಕಲೆಕ್ಟರ್ ಹೆನ್ರಿ ಸಲಿವನ್ ಥಾಮಸ್. 1870ರಲ್ಲೇ ಜಿಲ್ಲೆಯ ಮೀನುಸಾಕಣೆಯ ಬಗ್ಗೆ ವರದಿ ಬರೆದ. ಗಾಳದ ಬೇಟೆಯ ಹುಚ್ಚ ಬೇರೆ. ‘ದಿ ರಾಡ್ ಇನ್ ಇಂಡಿಯಾ’ ಮೊದಲು ಅಚ್ಚಾದದ್ದು 1873ರಲ್ಲಿ, ಮಂಗಳೂರಿನಲ್ಲಿ. ನಮ್ಮ ಹೊಳೆಗಳ ಒಂದು ಮೀನಿಗೆ ಆತನದೇ ಹೆಸರಿದೆ, ‘ಥಾಮಸ್ಸಿ’. ಮರಿಗಳನ್ನೂ ಬಿಡದೆ ಬಾಚುವುದು, ಹೊಳೆಗೆ ವಿಷ ಹಾಕುವುದು ನಿಲ್ಲಬೇಕು ಅನ್ನುವುದು ಅವನ ವಾದ. ವಿಷ, ಡೈನಮೈಟ್ ನಿಷೇಧಿಸುವ ಇಂಡಿಯನ್ ಫಿಶರೀಸ್ ಕಾಯಿದೆ ಬಂದದ್ದು 1897ರಲ್ಲಿ. ಅದಾಗಿ ಹೆಚ್ಚುಕಡಿಮೆ ಒಂದು ಶತಮಾನ ಕಳೆದರೂ, 1996ರಲ್ಲಿ ಬೆಳ್ತಂಗಡಿಯ ಶಿಶಿಲದಲ್ಲಿ ಕಪಿಲಾ ಹೊಳೆಗೆ ಯಾರೋ ವಿಷ ಹಾಕಿ ದೇವರ ಮೀನುಗಳು ರಾಶಿರಾಶಿ ಸತ್ತವು. ಅವಕ್ಕೆ ಅಲ್ಲಿ ಸ್ಮಾರಕ ಇದೆ.

ಹೆಸರಿಟ್ಟವರಲ್ಲಿ ಕನ್ನಡನಾಡಿನವರೇ ಇಲ್ಲವೇ? ಇದ್ದಾರೆ. ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್ 1920ರಲ್ಲಿ ತುಂಗಾನದಿಯ ಪಟ್ಟೆಪಟ್ಟೆಯ ಪುಟ್ಟ ಮೀನೊಂದನ್ನು ವಿವರಿಸಿದರು, ಬೋಟಿಯಾ ಸ್ಟ್ರಯೇಟಾ. ಮುಂದೆ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾದವರೂ ಇವರೇ. ಇವತ್ತು ಅದು ಪ್ರಪಂಚದ ಅಂಗಡಿಗಳಲ್ಲಿ ಜೀಬ್ರಾ ಲೋಚ್. ಇದೂ ಸಾಧು, ಇದೂ ಗುಂಪಿನದೇ. ಇದರ ಜೊತೆ ಹೆಸರು ಮಾಡಿದ್ದು ಕೇರಳದ ಡೆನಿಸನ್ ಬಾರ್ಬ್, ಅಂದರೆ ‘ಮಿಸ್ ಕೇರಳ’. 1997ರಲ್ಲಿ ಸಿಂಗಾಪುರದ ಅಕ್ವೇರಾಮಾದಲ್ಲಿ ಬಹುಮಾನ ಬಂದದ್ದೇ ತಡ, ಹೊಳೆಗಳಿಗೆ ಬಲೆ ಬಿತ್ತು. 2005ರಿಂದ 2012ರೊಳಗೆ ಭಾರತದಿಂದ ಅಪಾಯದಂಚಿನ 30 ಜಾತಿಗಳ 15 ಲಕ್ಷಕ್ಕೂ ಹೆಚ್ಚು ಮೀನು ಹೊರದೇಶಕ್ಕೆ ಹೋದ ಲೆಕ್ಕ ಆಮೇಲೆ ಸಿಕ್ಕಿತು. ನಾರಾಯಣ ರಾಯರ ಬೋಟಿಯಾ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ, ಮಿಸ್ ಕೇರಳವೂ ಅಷ್ಟೇ.

ಹಾಗಂತ ಮೀನು ಸಾಕಬೇಡಿ ಅನ್ನುವುದಿಲ್ಲ, ನನ್ನ ಮನೆಯಲ್ಲೂ ತೊಟ್ಟಿ ಇದೆ. ಕೊಳ್ಳುವಾಗ ‘ಇದು ಫಾರ್ಮಿನಲ್ಲಿ ಮರಿ ಮಾಡಿದ್ದಾ, ಹೊಳೆಯಿಂದ ಹಿಡಿದದ್ದಾ?’ ಅಂತ ಕೇಳಿ. ಜೀಬ್ರಾ, ರೋಸಿ ಬಾರ್ಬ್ ತಲೆಮಾರುಗಳಿಂದ ತೊಟ್ಟಿಯಲ್ಲೇ ಹುಟ್ಟುತ್ತಿವೆ, ಯೋಚನೆ ಬೇಡ. ಸಾಕಿ ಸಾಕಾಯಿತು ಅಂತ ಕೆರೆಗೆ ಮಾತ್ರ ಬಿಡಬೇಡಿ. ಯಾರೋ ಬಿಟ್ಟ ಸಕರ್ ಮೀನು ಬೆಂಗಳೂರಿನ ಕೆರೆಗಳಲ್ಲಿ ಏನು ಮಾಡಿದೆ ಅಂತ ಮೀನುಗಾರರನ್ನು ಕೇಳಿದರೆ ಹೇಳುತ್ತಾರೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಬುಕಾನನ್‌ಗೆ ಧಾನಿ, ಚೂನಾ ಅಂತ ಹೇಳಲು ಗಂಗೆಯ ದಡದಲ್ಲಿ ಜನ ಇದ್ದರು. ನಮ್ಮ ಕಡೆ ಗದ್ದೆಗಳು ಅಡಿಕೆ ತೋಟ ಆಗಿವೆ. ಗದ್ದೆ ಹೋದಲ್ಲಿ ಉಬರ್ ಮೀನು ಹತ್ತುವ ಜಾಗವೂ ಹೋಯಿತು. ಪ್ರತಿ ಸಣ್ಣ ಮೀನಿಗೂ ತುಳುವಿನಲ್ಲಿ ಹೆಸರು ಹೇಳಬಲ್ಲವರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಈ ಮಳೆಗಾಲಕ್ಕೆ ಊರಿಗೆ ಹೋದರೆ ತೋಡಿನ ಮೀನಿನ ಫೋಟೋ ತೆಗೆದು ಅವರಿಗೆ ತೋರಿಸಿ, ಹೆಸರು ಕೇಳಿ, ಅವರ ದನಿಯಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮೀನನ್ನು ಅಲ್ಲೇ ಬಿಟ್ಟು ಬನ್ನಿ.