ವಿದ್ಯುತ್ ಬಾಸ್ ಗಿಟಾರಿನ ಪೊಟೆನ್ಷಿಯೋಮೀಟರುಗಳು: ಒಂದು ಐತಿಹಾಸಿಕ ವಿವೇಚನೆ

ವಾದ್ಯಗಳ ಇತಿಹಾಸವನ್ನು ಬರೆಯುವವರು ವಾದಕರ ಕೀರ್ತಿಯನ್ನು ವರ್ಣಿಸುವಷ್ಟು ವಾದ್ಯದ ಒಳರಚನೆಯನ್ನು ಪರಿಶೀಲಿಸುವುದಿಲ್ಲ. ವಿದ್ಯುತ್ ಬಾಸ್ ಗಿಟಾರಿನ ಗುಂಡಿಗಳ ಕೆಳಗಿರುವ ಪೊಟೆನ್ಷಿಯೋಮೀಟರನ್ನು ನಾವು ಇಲ್ಲಿ ಐತಿಹಾಸಿಕ ಆಧಾರವೆಂದು ಪರಿಗಣಿಸಿದ್ದೇವೆ.

ಅಮೆರಿಕದ ಫೆಂಡರ್ ಸಂಸ್ಥೆ 1960ರಲ್ಲಿ ಹೊರತಂದ ಜಾಜ್ ಬಾಸಿಗೆ ಎರಡು ಪಿಕಪ್‌ಗಳಿದ್ದವು. ಪ್ರತಿಯೊಂದರ ಧ್ವನಿಮಟ್ಟದ ನಿಯಂತ್ರಣವನ್ನೂ ನಾದಛಾಯೆಯ ನಿಯಂತ್ರಣವನ್ನೂ ಒಂದೇ ಅಕ್ಷದಲ್ಲಿ ಒಂದರ ಮೇಲೊಂದರಂತೆ ಜೋಡಿಸಲಾಗಿತ್ತು. ಕೆಲವೇ ವರ್ಷಗಳಲ್ಲಿ ಈ ನಾಲ್ಕು ನಿಯಂತ್ರಣಗಳು ಮೂರಾದವು: ಧ್ವನಿಮಟ್ಟಕ್ಕೆ ಎರಡು, ಛಾಯೆಗೆ ಒಂದು.

ಈ ವಾದ್ಯದೊಳಗೆ ಪೂರ್ವವರ್ಧಕವಿರಲಿಲ್ಲ. ಪೊಟೆನ್ಷಿಯೋಮೀಟರಿನ ರೋಧವು ತಗ್ಗಿದಷ್ಟೂ ಪಿಕಪ್ಪಿನ ಸುರುಳಿಯ ಮೇಲೆ ಹೊರೆ ಹೆಚ್ಚಿ, ನಾದದ ಉಚ್ಚಾಂಶಗಳು ಕುಂದುತ್ತವೆ. ಆದಕಾರಣ 2,50,000 ಓಮುಗಳ ಪ್ರಮಾಣವು ರೂಢಿಗೆ ಬಂದಿತು. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬಾಸಾದರೋ ಬ್ಯಾಟರಿಯಿಂದ ನಡೆಯುವ ಪೂರ್ವವರ್ಧಕವನ್ನು ತನ್ನೊಳಗೇ ಹೊಂದಿತ್ತು. ಇಂತಹ ಮಂಡಲದಲ್ಲಿ ಪೂರ್ವವರ್ಧಕದ ಅನಂತರ ಬರುವ ಧ್ವನಿಮಟ್ಟದ ನಿಯಂತ್ರಣಕ್ಕೆ 25,000 ಓಮುಗಳು ಸಾಕು. ಆ ಹೊರೆಯನ್ನು ವರ್ಧಕವು ತಾಳಬಲ್ಲುದು. ನಿಯಂತ್ರಣವು ವರ್ಧಕಕ್ಕಿಂತ ಮೊದಲು ಬಂದರೆ ಹಳೆಯ ನಿಯಮವೇ ಅನ್ವಯಿಸುತ್ತದೆ. ಹೀಗೆ ರೋಧದ ಪ್ರಮಾಣವೊಂದೇ ಮಂಡಲದ ಸ್ವರೂಪವನ್ನು ಸೂಚಿಸುತ್ತದೆ.

ಅನೇಕ ಪೊಟೆನ್ಷಿಯೋಮೀಟರುಗಳ ಬೆನ್ನ ಮೇಲೆ ತಯಾರಕರನ್ನೂ, ತಯಾರಾದ ವರ್ಷ ಮತ್ತು ವಾರವನ್ನೂ ತಿಳಿಸುವ ಅಂಕಿಗಳಿರುತ್ತವೆ. ಬಿಡಿಭಾಗವು ಮೂಲದ್ದೇ ಆಗಿದ್ದಲ್ಲಿ, ವಾದ್ಯವು ಆ ವಾರಕ್ಕಿಂತ ಹಿಂದೆ ಪೂರ್ಣಗೊಂಡಿರಲಾರದು. ಎಷ್ಟು ತಡವಾಗಿ ಪೂರ್ಣಗೊಂಡಿತೆಂಬುದನ್ನು ಅಂಕಿಗಳು ಹೇಳಲಾರವು. ಶಾಸನದ ಕಾಲನಿರ್ಣಯದಲ್ಲಿ ನಾವು ವಹಿಸುವ ಎಚ್ಚರವೇ ಇಲ್ಲಿಯೂ ಸಲ್ಲತಕ್ಕದ್ದು. ದುರಸ್ತಿಯ ವೇಳೆ ಹಳೆಯ ಪೊಟೆನ್ಷಿಯೋಮೀಟರನ್ನು ಎಸೆದರೆ, ನಾದದೊಡನೆ ಈ ಸಾಕ್ಷ್ಯವೂ ನಷ್ಟವಾಗುತ್ತದೆಂಬುದನ್ನು ಸಂಗ್ರಾಹಕರು ಮರೆಯಬಾರದು.